ಕೊಂಡ ಮನೆಯ ಬಿಸಿನೀರು ಕೈಕೊಟ್ಟಾಗ

ಏಪ್ರಿಲ್‌ನಲ್ಲೋ ಮೇ ತಿಂಗಳಲ್ಲೋ ಕ್ರಯವಾದ ಮನೆಯ ಬಿಸಿನೀರಿನ ವ್ಯವಸ್ಥೆ ನೆಟ್ಟಗಿದೆಯೋ ಇಲ್ಲವೋ ಎಂಬುದು ಗೊತ್ತಾಗುವುದು ಆರಿದ್ರಾ ಮಳೆ ಹಿಡಿದ ಮೇಲೆ. ಬೇಸಿಗೆಯಲ್ಲಿ ಸೋಲಾರ್ ಟ್ಯಾಂಕಿನ ನೀರು ಕೈ ಸುಡುವಷ್ಟು ಕಾದಿರುತ್ತದೆ. ಮನೆ ನೋಡಲು ಬಂದವರು ನಲ್ಲಿ ತಿರುಗಿಸಿ, ಬಿಸಿ ನೋಡಿ, ತಲೆದೂಗಿ ಹೋಗುತ್ತಾರೆ. ಮೋಡ ಮುಚ್ಚಿ ವಾರಗಟ್ಟಲೆ ಬಿಸಿಲು ಕಾಣದಿದ್ದಾಗಲೇ ಟ್ಯಾಂಕಿನೊಳಗಿನ ಕರೆಂಟ್ ಹೀಟರ್, ಗೋಡೆಯೊಳಗಿನ ಪೈಪು, ಅರ್ಥಿಂಗ್ ಇವೆಲ್ಲದರ ಪರೀಕ್ಷೆ ಶುರುವಾಗುವುದು. ಶಿವಮೊಗ್ಗದ ಗೋಪಾಳದ ಕಡೆಯ ಒಂದು ಎರಡಂತಸ್ತಿನ ಹಳೇ ಮನೆಯ ಪ್ರಕರಣವನ್ನು ಎಂಜಿನಿಯರ್ ವರದಿಯಿಂದ ಹಿಡಿದು ರಾಜಿಯವರೆಗೆ ನಾವು ನಡೆಸಿಕೊಟ್ಟಿದ್ದೆವು. ಇಂಥ ವ್ಯವಹಾರದಲ್ಲಿ ಜನ ಎಡವುವ ಜಾಗಗಳೆಲ್ಲ ಅದೊಂದರಲ್ಲೇ ಇದ್ದವು, ಹಾಗಾಗಿ ಅದರ ದಾರಿ ಹಿಡಿದೇ ಹೇಳುತ್ತೇವೆ.

ಮನೆಯ ಮೇಲೆ 200 ಲೀಟರಿನ, ಗಾಜಿನ ಟ್ಯೂಬಿನ ಸೋಲಾರ್. ಟ್ಯಾಂಕಿನೊಳಗೆ 2 ಕಿಲೋವಾಟ್ ಬ್ಯಾಕಪ್ ಹೀಟರ್. ಕ್ರಯಪತ್ರದಲ್ಲಿ ‘ಸೋಲಾರ್ ವಾಟರ್ ಹೀಟರ್, ನೀರು ಮತ್ತು ವಿದ್ಯುತ್ ಸಂಪರ್ಕ ಸಮೇತ’ ಎಂಬ ಸಾಲು ಇತ್ತು. ಎಷ್ಟೋ ಪತ್ರಗಳಲ್ಲಿ ಈ ಸಾಲು ಇರುವುದಿಲ್ಲ. ಇಲ್ಲದಿದ್ದರೂ ಗಾಬರಿ ಬೇಡ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 8ನೇ ಕಲಂ ಪ್ರಕಾರ ಮನೆ ಮಾರಿದಾಗ ಬೀಗ, ಬಾಗಿಲು, ಕಿಟಕಿಗಳ ಜತೆಗೆ ಮನೆಯ ಕಾಯಂ ಬಳಕೆಗೆಂದು ಅಳವಡಿಸಿದ್ದೆಲ್ಲವೂ ಕೊಂಡವರಿಗೆ ಸೇರುತ್ತದೆ. ಆದರೂ ಪತ್ರದಲ್ಲಿ ಬರೆದಿದ್ದರೆ ಒಂದು ವಾದ ಕಡಿಮೆ.

ಜೂನ್ ಕೊನೆಗೆ ಅಲ್ಲಿ ಕಂಡದ್ದು ಎರಡು ಲಕ್ಷಣ. ಹೀಟರ್ ರಾತ್ರಿಯಿಡೀ ಉರಿದರೂ ಬೆಳಗ್ಗೆ ನೀರು ಉಗುರುಬೆಚ್ಚಗಷ್ಟೇ. ಮೆಟ್ಟಿಲ ಪಕ್ಕದ ಗೋಡೆಯಲ್ಲಿ ಒದ್ದೆ ಕಲೆ. ಮಲೆನಾಡಿನಲ್ಲಿ ಮಳೆಗಾಲದ ಗೋಡೆ ಒದ್ದೆಯಾಗುವುದು ಹೊಸ ಸುದ್ದಿಯಲ್ಲ, ಆದರೆ ಈ ಒದ್ದೆಯ ಮೇಲೆ ಕೈಯಿಟ್ಟರೆ ಬೆಚ್ಚಗಿತ್ತು. ಕೊಂಡವರು ಮಾರಿದವರಿಗೆ ಫೋನ್ ಮಾಡಿದಾಗ ಬಂದ ಉತ್ತರ: “ನಾವಿದ್ದಾಗ ಹೀಗೆ ಇರ್ಲೇ ಇಲ್ಲ ಮಾರಾಯ್ರೆ. ನಿಮ್ಮ ಪ್ಲಂಬರ್ ಏನೋ ಮಾಡಿಟ್ಟಿರ್ಬೇಕು.” ಫೋನಿನಲ್ಲಿ ಆಡಿದ ಮಾತಿಗೆ ಸಾಕ್ಷಿ ಇರುವುದಿಲ್ಲ. ಅವತ್ತೇ ಸಂಜೆ ಅದೇ ವಿಷಯವನ್ನು ವಾಟ್ಸಾಪ್‌ನಲ್ಲಿ ಎರಡು ಸಾಲು ಬರೆದು, ಗೋಡೆಯ ಫೋಟೋ ಕಳಿಸಿ, ಉತ್ತರ ತರಿಸಿಕೊಳ್ಳಿ ಎಂದೆವು. ಅವರು ತರಿಸಿಕೊಂಡರು. ‘ಈ ಸಮಸ್ಯೆ ಹಿಂದೆ ಎಂದೂ ಇರಲಿಲ್ಲ’ ಎಂಬ ಲಿಖಿತ ಮಾತು ಮಾರಿದವರ ಬಾಯಿಂದಲೇ ಬಂದದ್ದು ಮುಂದೆ ಅವರಿಗೇ ಮುಳುವಾಯಿತು.

ವಕೀಲರ ಬಳಿ ಹೋಗುವ ಮೊದಲು ದೋಷ ಎಲ್ಲಿದೆ ಎಂಬುದನ್ನು ಅಳತೆಯಲ್ಲಿ ಹಿಡಿಯಬೇಕು. ‘ಬಿಸಿನೀರು ಸರಿಯಾಗಿ ಬರುತ್ತಿಲ್ಲ’ ಎಂಬ ದೂರಿಗೆ ಎಲ್ಲೂ ಬೆಲೆಯಿಲ್ಲ. 200 ಲೀಟರ್ ನೀರನ್ನು 22 ಡಿಗ್ರಿಯಿಂದ 55ಕ್ಕೆ ಏರಿಸಲು ಸುಮಾರು 7.7 ಯೂನಿಟ್ ಬೇಕು. 2 ಕಿಲೋವಾಟ್ ಹೀಟರ್ ಆ ಕೆಲಸವನ್ನು ಹೆಚ್ಚುಕಡಿಮೆ ನಾಲ್ಕು ಗಂಟೆಯಲ್ಲಿ ಮುಗಿಸಬೇಕು. ಮುಗಿಸದಿದ್ದರೆ ಮೊದಲು ಹೀಟರಿನ ವೈರಿಗೆ ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್ ಹಾಕಿ ನೋಡಿ: 230 ವೋಲ್ಟಿನಲ್ಲಿ 8.7 ಆಂಪಿಯರ್ ಆಸುಪಾಸು ಎಳೆಯುತ್ತಿದ್ದರೆ ಕಾಯಿಲ್ ಆರೋಗ್ಯವಾಗಿದೆ. ಇಲ್ಲಿ ಎಳೆಯುತ್ತಿತ್ತು. ಅಂದರೆ ಶಾಖ ಹುಟ್ಟುತ್ತಿದೆ, ಆದರೆ ಟ್ಯಾಂಕಿನಲ್ಲಿ ನಿಲ್ಲುತ್ತಿಲ್ಲ.

ಶಾಖ ಎಲ್ಲಿಗೆ ಹೋಗುತ್ತಿದೆ ಎಂದು ಹುಡುಕಲು ದುಬಾರಿ ಉಪಕರಣವೇನೂ ಬೇಡ. ರಾತ್ರಿ ಎಲ್ಲ ನಲ್ಲಿ ಮುಚ್ಚಿ, ಮೋಟಾರ್ ಆಫ್ ಮಾಡಿ, ತಾರಸಿಯ ತಣ್ಣೀರಿನ ಟ್ಯಾಂಕಿನ ನೀರಿನ ಮಟ್ಟವನ್ನು ಸ್ಕೇಲಿನಿಂದ ಅಳೆದು ಫೋಟೋ ತೆಗೆಯಿರಿ. ಬೆಳಗ್ಗೆ ಮತ್ತೆ ಅಳೆಯಿರಿ. ಸುಮಾರು 110 ಸೆಂಟಿಮೀಟರ್ ಅಗಲದ ದುಂಡು ಟ್ಯಾಂಕಿನಲ್ಲಿ 1 ಸೆಂಟಿಮೀಟರ್ ಇಳಿದರೆ ಸುಮಾರು 9.5 ಲೀಟರ್ ಹೋಗಿದೆ ಎಂದರ್ಥ. ಮಾರನೇ ರಾತ್ರಿ ಸೋಲಾರಿಗೆ ತಣ್ಣೀರು ಹೋಗುವ ವಾಲ್ವ್ ಮುಚ್ಚಿ ಇದನ್ನೇ ಮಾಡಿ. ಇಳಿಯುವುದು ನಿಂತರೆ ಸೋರಿಕೆ ಬಿಸಿನೀರಿನ ಕಡೆಗಿದೆ, ನಿಲ್ಲದಿದ್ದರೆ ತಣ್ಣೀರಿನ ಲೈನಿನಲ್ಲಿ. ಈ ಮನೆಯಲ್ಲಿ ವಾಲ್ವ್ ಮುಚ್ಚಿದ ಕೂಡಲೇ ನಿಂತಿತು. (ವಾಲ್ವ್ ಮುಚ್ಚಿದ ರಾತ್ರಿ ಬ್ಯಾಕಪ್ ಹೀಟರ್ ಮಾತ್ರ ಹಾಕಲೇಬೇಡಿ. ಸೋರಿ ಟ್ಯಾಂಕಿನ ನೀರು ಕೆಳಗಿಳಿದರೆ ಕಾಯಿಲ್ ಒಣಗಿ ಸುಟ್ಟುಹೋಗುತ್ತದೆ, ಆಗ ಹೊಸ ದೋಷಕ್ಕೆ ನೀವೇ ಜವಾಬ್ದಾರರು.)

ಟ್ಯಾಂಕ್ ಶಾಖ ಹಿಡಿಯುತ್ತಿದೆಯೇ ಎಂಬುದು ಬೇರೆ ಪರೀಕ್ಷೆ. ಸಂಜೆ ಕಾಯಿಸಿ, ಟ್ಯಾಂಕಿನ ಹೊರವಾಲ್ವ್ ಮುಚ್ಚಿ, ಬೆಳಗ್ಗೆ ತಾಪ ನೋಡಬೇಕು. ಒಳ್ಳೆಯ ಟ್ಯಾಂಕಿನಲ್ಲಿ ಒಂದು ರಾತ್ರಿಗೆ ಕೆಲವೇ ಡಿಗ್ರಿ ಇಳಿಯುತ್ತದೆ. 60 ಇದ್ದದ್ದು 40ಕ್ಕೆ ಬಂದರೆ ಒಳಗಿನ ಫೋಮ್ ನೀರು ಕುಡಿದಿದೆ, ಅಂದರೆ ಒಳ ಟ್ಯಾಂಕ್ ತೂತು. ಗಾಜಿನ ಟ್ಯೂಬ್ ನೋಡುವುದು ಇನ್ನೂ ಸುಲಭ: ತುದಿಯಲ್ಲಿ ಬೆಳ್ಳಿಯ ಬಣ್ಣದ ಲೇಪ ಇದ್ದರೆ ನಿರ್ವಾತ ಉಳಿದಿದೆ, ಹಾಲಿನಂತೆ ಬಿಳಿಚಿಕೊಂಡಿದ್ದರೆ ಗಾಳಿ ಹೊಕ್ಕಿದೆ, ಆ ಟ್ಯೂಬ್ ಇದ್ದೂ ಇಲ್ಲದ ಹಾಗೆ. ಇಲ್ಲಿ ಒಂದೆರಡು ಟ್ಯೂಬ್ ಬಿಳಿಚಿದ್ದವು. ಕೊಂಡವರು ಇದನ್ನೂ ದೂರಿನಲ್ಲಿ ಸೇರಿಸಬೇಕೆಂದು ಹಟ ಹಿಡಿದರು. ನಾವು ಬೇಡವೆಂದೆವು. ಈ ವ್ಯವಹಾರ ಗೆಲ್ಲುವುದು ಸೋಲುವುದು ಬಹುಮಟ್ಟಿಗೆ ಇಂಥದ್ದನ್ನು ಬಿಡುವುದರಲ್ಲೇ ನಿರ್ಧಾರವಾಗುತ್ತದೆ.

ಕಾನೂನು ಹೇಳುವುದನ್ನು ನೋಡಿ. ಸ್ವತ್ತು ವರ್ಗಾವಣೆ ಕಾಯ್ದೆಯ 55(1)(ಎ) ಕಲಂ ಪ್ರಕಾರ ಸ್ವತ್ತಿನಲ್ಲಿರುವ ಗಣನೀಯ ದೋಷವನ್ನು ಮಾರುವವರು ಕೊಳ್ಳುವವರಿಗೆ ತಿಳಿಸಲೇಬೇಕು. ಆದರೆ ಅದಕ್ಕೆ ಷರತ್ತುಗಳಿವೆ. ದೋಷ ಮಾರುವವರಿಗೆ ಗೊತ್ತಿರಬೇಕು. ಕೊಳ್ಳುವವರಿಗೆ ಗೊತ್ತಿರಬಾರದು. ಸಾಮಾನ್ಯ ಎಚ್ಚರದಿಂದ ನೋಡಿದ್ದರೂ ಕೊಳ್ಳುವವರ ಕಣ್ಣಿಗೆ ಬೀಳದಂಥದ್ದಾಗಿರಬೇಕು. ಇಂಥ ದೋಷವನ್ನು ತಿಳಿಸದೆ ಬಿಡುವುದನ್ನು ಅದೇ ಕಲಂ ವಂಚನೆ ಎಂದು ಕರೆಯುತ್ತದೆ. ತಾರಸಿ ಹತ್ತಿದವರಿಗೆಲ್ಲ ಕಾಣುವ ಬಿಳಿಚಿದ ಟ್ಯೂಬು, ತುಕ್ಕು ಹಿಡಿದ ಸ್ಟ್ಯಾಂಡು, ತೆಂಗಿನ ಮರದ ನೆರಳು ಇದರೊಳಗೆ ಬರುವುದಿಲ್ಲ. ಈಚೆಗೆ ಊರ ತುಂಬ ತಾರಸಿಯ ಮೇಲೆ ಟ್ರಸ್ ಕಟ್ಟಿ ಶೀಟು ಹೊದಿಸುತ್ತಾರಲ್ಲ, ಅದರಿಂದ ಸೋಲಾರಿಗೆ ಅರ್ಧ ದಿನ ನೆರಳು ಬಿದ್ದರೂ ಅದು ಕಾಣುವ ದೋಷವೇ. ಅವನ್ನೆಲ್ಲ ದೂರಿನಲ್ಲಿ ತುಂಬಿದರೆ ಎದುರಿನ ವಕೀಲರು ಅದೊಂದನ್ನೇ ಹಿಡಿದು, ‘ಇಷ್ಟು ಕಾಣುವುದನ್ನೂ ನೋಡದೆ ಕೊಂಡಿದ್ದಾರೆ’ ಎಂದು ಇಡೀ ದೂರನ್ನು ತೆಳು ಮಾಡುತ್ತಾರೆ. ಗೋಡೆಯೊಳಗಿನ ಪೈಪು, ಟೈಲ್ಸ್ ಹಿಂದೆ ಮುಚ್ಚಿದ ವಾಲ್ವು, ಸ್ವಿಚ್ ಬೋರ್ಡಿನ ಹಿಂದೆ ಕತ್ತರಿಸಿದ ಅರ್ಥ್ ವೈರು ಇವು ನಿಲ್ಲುವಂಥ ದೋಷಗಳು. ಬರೀ ನೀರು ಬಿಸಿಯಾಗುವುದಿಲ್ಲ ಎಂದರೆ ‘ಗಣನೀಯ’ ಹೌದೋ ಅಲ್ಲವೋ ಎಂಬ ಚರ್ಚೆಗೆ ಎಡೆಯಿದೆ. ಅದೇ ಸೋರಿಕೆಯಿಂದ ಗೋಡೆ ಹಾಳಾಗುತ್ತಿದೆ, ಬಚ್ಚಲಲ್ಲಿ ಕರೆಂಟ್ ಹೊಡೆಯುವ ಅಪಾಯವಿದೆ ಎಂದು ವರದಿಯಲ್ಲಿದ್ದರೆ ಆ ಚರ್ಚೆ ಅಲ್ಲಿಗೇ ಮುಗಿಯುತ್ತದೆ.

ಕರೆಂಟಿನ ಅಪಾಯ ಇಲ್ಲಿ ನಿಜವಾಗಿಯೂ ಇತ್ತು. ಹೀಟರಿನ ಲೈನಿಗೆ 30 ಮಿಲಿಆಂಪಿಯರಿನ, ಕರೆಂಟ್ ಸೋರಿದರೆ ಲೈನ್ ಕಡಿಯುವ ಆರ್‌ಸಿಸಿಬಿ ಬೋರ್ಡಿನಲ್ಲಿ ಕಾಣುತ್ತಿತ್ತು, ಆದರೆ ವೈರನ್ನು ಅದರ ಮೂಲಕ ಹಾಯಿಸದೆ ಪಕ್ಕದಿಂದ ನೇರ ಕೊಟ್ಟಿದ್ದರು. ಮಳೆಗಾಲದಲ್ಲಿ ಮತ್ತೆ ಮತ್ತೆ ಟ್ರಿಪ್ ಆಗುತ್ತಿದ್ದುದರಿಂದ ಯಾರೋ ಎಲೆಕ್ಟ್ರಿಷಿಯನ್ ಸುಲಭದ ದಾರಿ ಹಿಡಿದಿರಬೇಕು. ಟ್ರಿಪ್ ಆಗುತ್ತಿದ್ದುದು ಆರ್‌ಸಿಸಿಬಿ ಕೆಟ್ಟು ಅಲ್ಲ, ಕಾಯಿಲಿನಿಂದ ಕರೆಂಟ್ ಸೋರುತ್ತಿದ್ದುದಕ್ಕೆ. 500 ವೋಲ್ಟಿನ ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಹಾಕಿದರೆ 1 ಮೆಗಾಓಮ್‌ಗಿಂತ ಎಷ್ಟೋ ಕೆಳಗೆ ತೋರಿಸಿತು. ಕ್ಲ್ಯಾಂಪ್ ಮೀಟರಿನಲ್ಲಿ ಸರಿ ಕಂಡ ಕಾಯಿಲ್ ಮೆಗ್ಗರಿನಲ್ಲಿ ಸಿಕ್ಕಿಬೀಳುವುದು ಹೀಗೆ. ಈ ಎರಡನೇ ಪರೀಕ್ಷೆಯನ್ನು ಬಹಳ ಜನ ಮಾಡಿಸುವುದೇ ಇಲ್ಲ. ಇದು ಕಂಡ ದಿನವೇ ಹೀಟರ್ ಬಂದ್ ಮಾಡಿಸಬೇಕು, ಕೇಸು ಆಮೇಲೆ. ಮುಚ್ಚಿದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಇರುವ ಮನೆ ಕೊಂಡವರಿಗೂ ಇದೇ ಮಾತು: ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಗೀಸರನ್ನು ಹೊರಗೋಡೆಗೆ ಸಾಗಿಸುವ ತನಕ ಅದನ್ನು ಹಚ್ಚದಿರುವುದೇ ಕ್ಷೇಮ.

ಇನ್ನು ಗೋಡೆ ಒಡೆಯುವ ವಿಷಯ. ಸೋರಿಕೆ ಇದೆಯೆಂದು ಗೊತ್ತಾದ ಮಾರನೇ ದಿನವೇ ಜನ ಪ್ಲಂಬರನ್ನು ಕರೆಸಿ, ಒಡೆಸಿ, ಹೊಸ ಪೈಪು ಹಾಕಿಸಿ, ಹಳೆಯದನ್ನು ಗುಜರಿಗೆ ಹಾಕಿ, ಬಿಲ್ಲು ಹಿಡಿದುಕೊಂಡು ವಕೀಲರ ಬಳಿ ಬರುತ್ತಾರೆ. ಅಷ್ಟು ಹೊತ್ತಿಗೆ ಸಾಕ್ಷ್ಯ ಮುಗಿದಿರುತ್ತದೆ. ರಿಪೇರಿ ಮಾಡಿಸದೆ ವರ್ಷಗಟ್ಟಲೆ ಸೋರಲು ಬಿಡುವುದೂ ತಪ್ಪು. 1872ರ ಕರಾರು ಕಾಯ್ದೆಯ 73ನೇ ಕಲಂ ಪ್ರಕಾರ ನಷ್ಟದ ಲೆಕ್ಕ ಹಾಕುವಾಗ ಅದನ್ನು ತಪ್ಪಿಸಲು ನಿಮಗಿದ್ದ ದಾರಿಗಳನ್ನೂ ಗಣನೆಗೆ ತೆಗೆದುಕೊಳ್ಳುತ್ತಾರೆ, ಬಿಟ್ಟು ಬೆಳೆಸಿದ ನಷ್ಟಕ್ಕೆ ಹಣ ಹುಟ್ಟುವುದಿಲ್ಲ. ಇವೆರಡರ ನಡುವಿನ ದಾರಿ ಜಂಟಿ ತಪಾಸಣೆಯ ನೋಟಿಸ್: ಇಂಥ ದಿನ, ಇಂಥ ಹೊತ್ತಿಗೆ ಗೋಡೆ ತೆರೆಯುತ್ತಿದ್ದೇವೆ, ನಿಮ್ಮ ಪ್ಲಂಬರನ್ನೋ ಎಂಜಿನಿಯರನ್ನೋ ಕರೆದುಕೊಂಡು ಬನ್ನಿ, ಬಾರದಿದ್ದರೆ ಇಬ್ಬರು ಸಾಕ್ಷಿಗಳ ಮುಂದೆ ತೆರೆದು ದಾಖಲಿಸುತ್ತೇವೆ. ಒಂದು ವಾರದ ಗಡುವು ಸಾಕು. 2025ರ ಸೆಪ್ಟೆಂಬರ್ 1ರಿಂದ ರಿಜಿಸ್ಟರ್ಡ್ ಪೋಸ್ಟ್ ಸೇವೆ ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಗಿದೆ. ಈಗ ನೋಟಿಸನ್ನು ಸ್ಪೀಡ್ ಪೋಸ್ಟಿನಲ್ಲೇ, ತಲುಪಿದ್ದಕ್ಕೆ ಪುರಾವೆ ಸಿಗುವ ಹಾಗೆ ಕಳಿಸಿ, ರಸೀದಿ ಮತ್ತು ಟ್ರ್ಯಾಕಿಂಗ್ ಪ್ರತಿ ಎರಡನ್ನೂ ಇಟ್ಟುಕೊಳ್ಳಬೇಕು. ‘ತೆಗೆದುಕೊಳ್ಳಲು ನಿರಾಕರಿಸಿದ್ದಾರೆ’ ಎಂಬ ಷರಾ ಬರೆದು ವಾಪಸ್ ಬಂದ ಲಕೋಟೆಯನ್ನು ಒಡೆಯಬಾರದು, ಹಾಗೇ ಫೈಲಿಗೆ ಸೇರಿಸಬೇಕು.

ಮಾರಿದವರು ಬರಲಿಲ್ಲ. ಪಕ್ಕದ ಮನೆಯವರೊಬ್ಬರು, ಎದುರು ಅಂಗಡಿಯವರೊಬ್ಬರು ಸಾಕ್ಷಿ ನಿಂತರು. ಪ್ಲಂಬರ್ ಟೈಲ್ಸಿನ ಮೇಲೆ ಸುತ್ತಿಗೆಯ ಹಿಡಿಯಿಂದ ತಟ್ಟುತ್ತ ಹೋಗಿ ಒಂದು ಕಡೆ ನಿಂತ. “ಸರ್, ಇದನ್ನ ಮೊದ್ಲೇ ಯಾರೋ ಒಡ್ದು ಮುಚ್ಚಿದಾರೆ” ಎಂದ. ನಾಲ್ಕು ಟೈಲ್ಸಿನ ಬಣ್ಣ ಸುತ್ತಲಿನದಕ್ಕಿಂತ ಒಂದು ಎಳೆ ತಿಳಿ, ಸಂದಿನ ಗ್ರೌಟ್ ಹೊಸದು. ಒಡೆದಾಗ ಸಿಕ್ಕಿದ್ದು ಇದು: ತಾರಸಿಯಿಂದ ಮೇಲಂತಸ್ತಿನ ಬಚ್ಚಲಿನವರೆಗೆ ಬಿಸಿನೀರು ತಾಳುವ, ಕೆನೆ ಬಣ್ಣದ ಸಿಪಿವಿಸಿ ಪೈಪು ಸರಿಯಾಗಿಯೇ ಇದೆ. ಅಲ್ಲಿಂದ ಕೆಳಗಿನ ಬಚ್ಚಲಿಗೆ ಎಳೆದ ಲೈನು ಮಾತ್ರ ಬಿಳಿ ಪಿವಿಸಿ, ಅದು ತಣ್ಣೀರಿನ ಪೈಪು. ಮಾರ್ಚ್ ಬಿಸಿಲಿನಲ್ಲಿ ಸೋಲಾರ್ ನೀರು 70 ಡಿಗ್ರಿ ದಾಟುತ್ತದೆ. ಆ ಶಾಖಕ್ಕೆ ಪಿವಿಸಿ ಮೆತ್ತಗಾಗಿ ಜೋತುಬೀಳುತ್ತದೆ, ಅಂಟು ಹಾಕಿದ ಎಲ್ಬೋ ಜಾಯಿಂಟ್ ಬಿಟ್ಟುಕೊಳ್ಳುತ್ತದೆ. ಒಂದು ಎಲ್ಬೋಗೆ ಎಂ-ಸೀಲ್ ಮೆತ್ತಿ, ಮೇಲೆ ಸೈಕಲ್ ಟ್ಯೂಬು ಸುತ್ತಿ, ಅದರ ಮೇಲೆ ಸಿಮೆಂಟ್ ಬಳಿದಿದ್ದರು.

ಇಲ್ಲಿ ಪೈಪೇ ಮಾತಾಡುತ್ತದೆ. ಸಿಪಿವಿಸಿ ಮೇಲೆ ಐಎಸ್ 15778 ಎಂದು, ತಣ್ಣೀರಿನ ಪಿವಿಸಿ ಮೇಲೆ ಐಎಸ್ 4985 ಎಂದು ಅಚ್ಚಾಗಿರುತ್ತದೆ. ಆ ಅಚ್ಚು ಕಾಣುವ ಹಾಗೆ ಒಂದಡಿ ತುಂಡನ್ನು, ಎಂ-ಸೀಲ್ ಇರುವ ಎಲ್ಬೋ ಸಮೇತ, ಕತ್ತರಿಸಿ ತೆಗೆಯಬೇಕು. ಚೀಲಕ್ಕೆ ಹಾಕಿ, ದಿನಾಂಕ ಬರೆದ ಚೀಟಿ ಅಂಟಿಸಿ, ಸಾಕ್ಷಿಗಳ ಸಹಿ ಹಾಕಿಸಬೇಕು. ವಿಡಿಯೋ ತೆಗೆಯುವುದಾದರೆ ಒಡೆಯುವ ಮೊದಲಿನಿಂದ ಕೊನೆಯವರೆಗೆ ನಿಲ್ಲಿಸದೆ ತೆಗೆಯಿರಿ, ಮೂಲ ಫೋನಿನಿಂದ ಅಳಿಸಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಎಲೆಕ್ಟ್ರಾನಿಕ್ ದಾಖಲೆಗೆ ಎರಡು ಭಾಗದ ಪ್ರಮಾಣಪತ್ರ ಬೇಕು, ಒಂದು ಭಾಗಕ್ಕೆ ನೀವು, ಇನ್ನೊಂದಕ್ಕೆ ತಜ್ಞರು ಸಹಿ ಹಾಕಬೇಕು. ಫಾರ್ವರ್ಡ್ ಆಗಿ ಆಗಿ ಬಂದ ಪ್ರತಿ ಹಿಡಿದುಕೊಂಡು ಹೋದರೆ ಆ ಪ್ರಮಾಣಪತ್ರ ಕೊಡುವುದೇ ಕಷ್ಟವಾಗುತ್ತದೆ.

ಆಮೇಲೆ ರಿಪೇರಿ. ಕೆಳಗಿನ ಲೈನನ್ನು ಮುಕ್ಕಾಲು ಇಂಚಿನ ಸಿಪಿವಿಸಿಯಲ್ಲಿ, ನಲ್ಲಿಗಳ ಹತ್ತಿರ ಅರ್ಧ ಇಂಚಿನಲ್ಲಿ ಹೊಸದಾಗಿ ಎಳೆದರು. ಅಂಟೂ ಸಿಪಿವಿಸಿಯದ್ದೇ ಆಗಬೇಕು, ಪಿವಿಸಿ ಅಂಟು ಹಾಕಿದರೆ ಮತ್ತೆ ಅದೇ ಕಥೆ. ಗೋಡೆ ಮುಚ್ಚುವ ಮೊದಲು ಕೈಪಂಪಿನಿಂದ 5 ಕೆಜಿ ಒತ್ತಡ ಕೊಟ್ಟು ಎರಡು ಗಂಟೆ ಬಿಟ್ಟು ಗೇಜ್ ನೋಡಿದರು. ಬಿಲ್ಲನ್ನು ಒಂದೇ ಮೊತ್ತದಲ್ಲಿ ಬರೆಸಿಕೊಳ್ಳಬೇಡಿ. ಪೈಪು, ಫಿಟಿಂಗ್, ಕೂಲಿ, ಟೈಲ್ಸ್, ಗಾರೆ, ಬಣ್ಣ ಬೇರೆ ಬೇರೆ ಸಾಲಿನಲ್ಲಿರಲಿ. ಅದೇ ಕೆಲಸದ ಜತೆ ಹೊಸ ಶವರ್ ಹಾಕಿಸಿಕೊಂಡಿದ್ದರೆ ಅದಕ್ಕೆ ಬೇರೆ ಬಿಲ್ಲೇ ಇರಲಿ. ಹೊಸ ಸುಖದ ಖರ್ಚು ಹಳೆಯ ದೋಷದ ಲೆಕ್ಕದಲ್ಲಿ ಸೇರಿದ್ದು ಕಂಡರೆ ಉಳಿದ ಸಾಲುಗಳ ಮೇಲೂ ಅನುಮಾನ ಬರುತ್ತದೆ.

ಇಷ್ಟಾದರೂ ಕೈಗೆ ಬಂದದ್ದು ಅರ್ಧ ಮಾತ್ರ. ಪೈಪು ಕೆಟ್ಟಿತ್ತು ಎಂದು ತೋರಿಸುವುದು ಸುಲಭ, ಮಾರಿದವರಿಗೆ ಅದು ಗೊತ್ತಿತ್ತು ಎಂದು ತೋರಿಸುವುದರಲ್ಲೇ ಇಡೀ ಪ್ರಕರಣ ನಿಂತಿದೆ. ‘ನನಗಿಂತ ಹಿಂದಿನವರು ಮಾಡಿಸಿದ್ದು’ ಎಂದು ಅವರು ಹೇಳಿದರೆ ಉತ್ತರ ಬೇಕು. ಗೊತ್ತಿತ್ತು ಎನ್ನುವುದಕ್ಕೆ ಪುರಾವೆ ಸಾಮಾನ್ಯವಾಗಿ ಮನೆಯಲ್ಲೇ ಬಿದ್ದಿರುತ್ತದೆ, ನೋಡುವ ಕಣ್ಣು ಬೇಕಷ್ಟೇ. ಸೋಲಾರ್ ಟ್ಯಾಂಕಿನ ಪಕ್ಕದಲ್ಲಿ ಸರ್ವಿಸಿನವರು ಅಂಟಿಸಿದ ಚೀಟಿ, ಅದರ ಮೇಲೆ ತಾರೀಖು. ಟ್ಯಾಂಕಿನ ಸೀರಿಯಲ್ ನಂಬರ್ ಹೇಳಿದರೆ ಎಷ್ಟೋ ಕಂಪನಿಗಳು ಹಳೆಯ ದೂರುಗಳ ವಿವರ ಕೊಡುತ್ತವೆ. ಇಲ್ಲಿ ಕೆಳಗಿನ ಬಚ್ಚಲಿನ ಗೋಡೆಯಲ್ಲಿ, ಗೀಸರ್ ನೇತುಹಾಕುವ ಅಂತರದಲ್ಲಿ, ವೈಟ್ ಸಿಮೆಂಟ್ ತುಂಬಿದ ಎರಡು ತೂತುಗಳಿದ್ದವು. ಪಕ್ಕದಲ್ಲೇ 16 ಆಂಪಿಯರ್ ಸಾಕೆಟ್. ಅಂದರೆ ಕೆಳಗಿನ ಲೈನು ಕೆಲಸ ಮಾಡದೆ ಗೀಸರ್ ಹಾಕಿಸಿಕೊಂಡಿದ್ದರು, ಮಾರುವ ಮೊದಲು ಬಿಚ್ಚಿಕೊಂಡು ಹೋಗಿದ್ದರು. ಹಿಂದೆ ಕೆಳಗೆ ಬಾಡಿಗೆಗಿದ್ದವರು ಅದನ್ನೇ ಹೇಳಿ ಪ್ರಮಾಣಪತ್ರ (ಅಫಿಡವಿಟ್) ಬರೆದುಕೊಟ್ಟರು.

ಕರೆಂಟ್ ಬಿಲ್ಲು ಇನ್ನೊಂದು ಸಾಕ್ಷಿ, ಇದನ್ನು ಹೆಚ್ಚಿನವರು ಮರೆಯುತ್ತಾರೆ. ರಾತ್ರಿಗೆ 100 ಲೀಟರ್ ಕಾದ ನೀರು ಸೋರಿ, ಅಷ್ಟೇ ತಣ್ಣೀರು ಒಳಬಂದು ಮತ್ತೆ ಕಾಯಬೇಕಾದರೆ ದಿನಕ್ಕೆ ಸುಮಾರು 3.8 ಯೂನಿಟ್, ತಿಂಗಳಿಗೆ 115 ಯೂನಿಟ್ ವ್ಯರ್ಥ. ಮೆಸ್ಕಾಂನಲ್ಲಿ ಮೀಟರಿನ ಹೆಸರು ಬದಲಾವಣೆ ಆದ ಮೇಲೆ ಆ ಆರ್‌ಆರ್ ನಂಬರಿನ ಹಿಂದಿನ ತಿಂಗಳುಗಳ ಬಳಕೆಯ ವಿವರವನ್ನು ಅರ್ಜಿ ಕೊಟ್ಟು ಕೇಳಬಹುದು. ಈ ಮನೆಯ ಬಳಕೆ ಹಿಂದಿನ ಮಳೆಗಾಲದ ಎರಡು ತಿಂಗಳು ದಿಢೀರ್ ಏರಿ, ಆಮೇಲೆ ಅಷ್ಟೇ ದಿಢೀರ್ ಇಳಿದಿತ್ತು. ಏರಿದ್ದು ಸೋರಿಕೆ, ಇಳಿದದ್ದು ಎಂ-ಸೀಲ್. ಆ ಬಿಲ್ಲು ಕಟ್ಟಿದವರು ಯಾರು ಎಂದು ಬೇರೆ ಹೇಳಬೇಕಿಲ್ಲ.

ಕ್ರಯಪತ್ರದಲ್ಲಿ ‘ಖರೀದಿದಾರರು ಸ್ವತ್ತನ್ನು ಖುದ್ದು ಪರಿಶೀಲಿಸಿ, ಇರುವ ಸ್ಥಿತಿಯಲ್ಲಿ ಒಪ್ಪಿಕೊಂಡಿರುತ್ತಾರೆ’ ಎಂದು ಬರೆದಿರುತ್ತದಲ್ಲ, ಅದರ ಗತಿಯೇನು ಎಂದು ಎಲ್ಲರೂ ಕೇಳುತ್ತಾರೆ. ಪತ್ರ ಬರಹಗಾರರು ಅದನ್ನು ಅಭ್ಯಾಸಬಲದಿಂದಲೇ ಬರೆದುಬಿಡುತ್ತಾರೆ. 55ನೇ ಕಲಮಿನ ಹೊಣೆಗಳು ‘ಬೇರೆ ಕರಾರು ಇಲ್ಲದಿದ್ದಾಗ’ ಎಂಬ ಮಾತಿನಿಂದಲೇ ಶುರುವಾಗುವುದರಿಂದ ಆ ಸಾಲಿಗೆ ತೂಕ ಇಲ್ಲವೆನ್ನಲಾಗದು. ಬರೀ ಹೇಳದೆ ಬಿಟ್ಟ ಪ್ರಕರಣದಲ್ಲಿ ಅದು ಮಾರಿದವರ ಕೈ ಹಿಡಿಯಬಹುದು. ಆದರೆ ಟೈಲ್ಸ್ ಹಾಕಿ, ತೂತು ತುಂಬಿ ಮುಚ್ಚಿದ್ದು ಕರಾರು ಕಾಯ್ದೆಯ 17ನೇ ಕಲಂ ಹೇಳುವ ಸಕ್ರಿಯ ಮರೆಮಾಚುವಿಕೆ. 19ನೇ ಕಲಮಿನಲ್ಲಿ ‘ಎಚ್ಚರದಿಂದ ನೋಡಿದ್ದರೆ ಗೊತ್ತಾಗುತ್ತಿತ್ತು’ ಎಂಬ ವಿನಾಯಿತಿ ಇರುವುದು ತಪ್ಪು ಹೇಳಿಕೆಗೆ ಮತ್ತು ವಂಚನೆಯ ಮೌನಕ್ಕೆ. ಕೈಯಾರೆ ಮುಚ್ಚಿಟ್ಟವರು ಅದರ ನೆರಳಿಗೆ ಬರುವುದು ಕಷ್ಟ. ನಮ್ಮ ನೋಟಿಸಿನಲ್ಲಿ ‘ತಿಳಿಸಲಿಲ್ಲ’ ಎಂಬುದಕ್ಕಿಂತ ‘ಮುಚ್ಚಿದ್ದಾರೆ’ ಎಂಬುದಕ್ಕೇ ಒತ್ತು ಕೊಟ್ಟದ್ದು ಇದಕ್ಕೇ.

ಯಾವ ಬಾಗಿಲು ತಟ್ಟಬೇಕು ಎಂಬುದು ಮಾರಿದವರು ಯಾರು ಎಂಬುದರ ಮೇಲೆ ನಿಂತಿದೆ. ನೋಂದಾಯಿತ ಯೋಜನೆಯ ಬಿಲ್ಡರಿನಿಂದ ಹೊಸ ಮನೆ ಕೊಂಡಿದ್ದರೆ 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ 14(3) ಕಲಂ ಬಹಳ ಬಲವಾದದ್ದು. ಸ್ವಾಧೀನ ಕೊಟ್ಟ 5 ವರ್ಷದೊಳಗೆ ಕಾಮಗಾರಿಯ, ಗುಣಮಟ್ಟದ, ಸೇವೆಗಳ ದೋಷ ತಿಳಿಸಿದರೆ ಬಿಲ್ಡರ್ 30 ದಿನದಲ್ಲಿ ಖರ್ಚಿಲ್ಲದೆ ಸರಿಪಡಿಸಬೇಕು, ಇಲ್ಲವಾದರೆ ಪರಿಹಾರ. ಅಲ್ಲಿ ‘ಗೊತ್ತಿತ್ತೋ ಇಲ್ಲವೋ’ ಎಂಬ ತಲೆನೋವೇ ಇಲ್ಲ. ದೂರನ್ನು ಆನ್‌ಲೈನಿನಲ್ಲಿ ಕರ್ನಾಟಕ ರೇರಾ ಪ್ರಾಧಿಕಾರಕ್ಕೆ ಸಲ್ಲಿಸಬೇಕು. ಆದರೆ 500 ಚದರ ಮೀಟರ್ ಮೀರದ ಜಾಗದ ಅಥವಾ 8 ಮನೆಗಳನ್ನು ಮೀರದ ಯೋಜನೆಗೆ ನೋಂದಣಿ ಕಡ್ಡಾಯವಿಲ್ಲ. ಒಂದು ಸೈಟಿನಲ್ಲಿ ಎರಡು ಮನೆ ಕಟ್ಟಿ ಮಾರುವವರು ಹೀಗೆ ಹೊರಗುಳಿಯುತ್ತಾರೆ.

ಅಂಥವರ ಮೇಲೆ ಗ್ರಾಹಕ ಆಯೋಗಕ್ಕೆ ಹೋಗಬಹುದು. ಮನೆ ಕಟ್ಟಿಕೊಡುವುದು ಸೇವೆ ಎಂದು ಲಕ್ನೋ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1993ರಲ್ಲೇ ಹೇಳಿದೆ. ಇಲ್ಲಿ ಒಂದು ಕೊಕ್ಕೆ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಆಯೋಗದ ವ್ಯಾಪ್ತಿ ನೀವು ಕೇಳುವ ಪರಿಹಾರದ ಮೇಲೆ ಅಲ್ಲ, ಕೊಟ್ಟ ಬೆಲೆಯ ಮೇಲೆ. 50 ಲಕ್ಷದವರೆಗೆ ಜಿಲ್ಲಾ ಆಯೋಗ, ಅದರ ಮೇಲೆ 2 ಕೋಟಿಯವರೆಗೆ ರಾಜ್ಯ ಆಯೋಗ. 60 ಲಕ್ಷಕ್ಕೆ ಮನೆ ಕೊಂಡು, 80 ಸಾವಿರದ ಪೈಪಿನ ರಿಪೇರಿ ಕೇಳುವವರೂ ರಾಜ್ಯ ಆಯೋಗಕ್ಕೇ ಹೋಗಬೇಕು. ಅದೇ ನೀವೇ ದುಡ್ಡು ಕೊಟ್ಟು ಹಾಕಿಸಿದ ಸೋಲಾರ್ ಕಂಪನಿಯ ಮೇಲಾದರೆ ಸೋಲಾರಿನ ಬೆಲೆಯಷ್ಟೇ ಲೆಕ್ಕ. ಆಗ ಶಿವಮೊಗ್ಗದ ಜಿಲ್ಲಾ ಆಯೋಗ ಸಾಕು, ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ದೂರಿಗೆ 2 ವರ್ಷದ ಗಡುವು. ಎದುರಿನವರು ಉತ್ತರ ಕೊಡಲು 30 ದಿನ, ಹೆಚ್ಚೆಂದರೆ ಇನ್ನು 15. ಕಾಯ್ದೆ 3 ತಿಂಗಳಲ್ಲಿ, ಪ್ರಯೋಗಾಲಯದ ಪರೀಕ್ಷೆ ಬೇಕಾದರೆ 5 ತಿಂಗಳಲ್ಲಿ ಮುಗಿಸಬೇಕೆನ್ನುತ್ತದೆ, ಆದರೆ ಅದನ್ನು ನಂಬಿಕೊಂಡು ಮದುವೆ ಮುಹೂರ್ತ ಇಟ್ಟುಕೊಳ್ಳಬೇಡಿ.

ಗೋಪಾಳದ ಮನೆಯಂತೆ ಒಬ್ಬ ಸಾಮಾನ್ಯ ಮನೆ ಮಾಲೀಕರಿಂದ ಇನ್ನೊಬ್ಬರು ಕೊಂಡದ್ದಾದರೆ ಈ ಎರಡು ಬಾಗಿಲೂ ಮುಚ್ಚಿವೆ. ಅಲ್ಲಿ ಬಿಲ್ಡರೂ ಇಲ್ಲ, ಸೇವೆಯೂ ಇಲ್ಲ. ಅದು ಬರೀ ಸ್ವತ್ತಿನ ಮಾರಾಟ. ಗೊತ್ತಿಲ್ಲದೆ ಗ್ರಾಹಕ ಆಯೋಗಕ್ಕೆ ಹೋಗಿ, ವ್ಯಾಪ್ತಿ ಇಲ್ಲವೆಂದು ವಾಪಸ್ ಬರುವಷ್ಟರಲ್ಲಿ ಕಾಲ ಕಳೆದಿರುತ್ತದೆ. ಉಳಿದದ್ದು ಸಿವಿಲ್ ನ್ಯಾಯಾಲಯದಲ್ಲಿ ನಷ್ಟ ಪರಿಹಾರದ ದಾವೆ. ಗಡುವು 3 ವರ್ಷ, ವಂಚನೆಯಾದರೆ ಕಾಲಮಿತಿ ಕಾಯ್ದೆಯ 17ನೇ ಕಲಂ ಪ್ರಕಾರ ಅದು ಬಯಲಾದ ದಿನದಿಂದ ಲೆಕ್ಕ. ಗೋಡೆ ಇನ್ನೂ ಒಡೆದಿಲ್ಲವಾದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 26, ನಿಯಮ 9ರಡಿ ಕೋರ್ಟ್ ಕಮಿಷನರ್ ನೇಮಿಸಿ ಸ್ಥಳ ಪರಿಶೀಲನೆ ಮಾಡಿಸಿ ಎಂದು ಅರ್ಜಿ ಹಾಕಬಹುದು. ಕ್ರಯವನ್ನೇ ರದ್ದು ಮಾಡಿಸುತ್ತೇವೆ ಎಂದು ಹೊರಡುವವರೂ ಇದ್ದಾರೆ. ಬಿಸಿನೀರಿನ ಲೈನಿಗಾಗಿ ಅದನ್ನು ಕೇಳುವುದು ಅಳತೆ ಮೀರಿದ ಮಾತು. ಜತೆಗೆ ಪತ್ರದಲ್ಲಿ ಕಡಿಮೆ ಬೆಲೆ ತೋರಿಸಿ ಉಳಿದದ್ದನ್ನು ನಗದಿನಲ್ಲಿ ಕೊಟ್ಟವರು ರದ್ದಾದರೆ ವಾಪಸ್ ಕೇಳಬಹುದಾದದ್ದು ಪತ್ರದಲ್ಲಿರುವಷ್ಟೇ ಎಂಬುದನ್ನು ನೆನಪಿಡಬೇಕು. ಪೊಲೀಸ್ ಠಾಣೆಯಲ್ಲಿ ವಂಚನೆ ದೂರು ಕೊಟ್ಟರೆ ಬಹುತೇಕ ‘ಸಿವಿಲ್ ಸ್ವರೂಪದ್ದು’ ಎಂಬ ಹಿಂಬರಹ ಸಿಗುತ್ತದೆ.

ದಾವೆಗೆ ಮೊದಲು ಇನ್ನೊಂದು ಮೆಟ್ಟಿಲಿದೆ, ನಮ್ಮ ಅಭಿಪ್ರಾಯದಲ್ಲಿ ಇಷ್ಟು ಸಣ್ಣ ಮೊತ್ತಕ್ಕೆ ಅದೇ ಸರಿಯಾದದ್ದು: ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ವ್ಯಾಜ್ಯಪೂರ್ವ ಅರ್ಜಿ. ಬಿಳಿ ಹಾಳೆಯ ಮೇಲೆ ಕನ್ನಡದಲ್ಲಿ ಬರೆದರೆ ಸಾಕು, ಶುಲ್ಕವಿಲ್ಲ. ಎದುರಿನವರನ್ನು ಲೋಕ ಅದಾಲತ್ತಿಗೆ (ರಾಜಿ ಮಾಡಿಸುವ ಪೀಠಕ್ಕೆ) ಕರೆಸುತ್ತಾರೆ, ಆದರೆ ಒಪ್ಪಲೇಬೇಕೆಂಬ ಒತ್ತಾಯವಿಲ್ಲ. ಇಲ್ಲಿ ಓಡಾಡುತ್ತಿರುವಾಗಲೂ ಆ 3 ವರ್ಷದ ಗಡಿಯಾರ ನಿಲ್ಲುವುದಿಲ್ಲ ಎಂಬ ಎಚ್ಚರವಿರಲಿ.

ಅರ್ಜಿಯ ಜತೆ ನಾವು ಇಟ್ಟದ್ದು ಕ್ರಯಪತ್ರದ ಪ್ರತಿ, ತಪಾಸಣೆ ನೋಟಿಸು ಮತ್ತು ರಸೀದಿ, ಸಾಕ್ಷಿಗಳ ಸಹಿಯಿರುವ ದಾಖಲೆ, ಎಂಜಿನಿಯರ್ ವರದಿ, ಬಾಡಿಗೆಗಿದ್ದವರ ಪ್ರಮಾಣಪತ್ರ, ಮೆಸ್ಕಾಂ ಬಳಕೆಯ ವಿವರ, ಬಿಲ್ಲುಗಳು. ಪೈಪಿನ ತುಂಡು ಚೀಲದಲ್ಲೇ ಬಂತು. ಮಾರಿದವರು ಮೊದಲ ಸಲ ವಕೀಲರನ್ನಷ್ಟೇ ಕಳಿಸಿದರು. ಎರಡನೇ ಸಲ ಮಗನ ಜತೆ ಬಂದರು. ವಾಟ್ಸಾಪ್ ಉತ್ತರದ ಪಕ್ಕದಲ್ಲಿ ಹಿಂದಿನ ಮಳೆಗಾಲದ ಯೂನಿಟ್ ಲೆಕ್ಕ ಇಟ್ಟಾಗ ಮಗನೇ, “ಅಪ್ಪಾಜಿ, ಮುಗಿಸಿಬಿಡೋಣ” ಎಂದ.

ಮುಗಿದದ್ದು ಹೀಗೆ: ಕೆಳಗಿನ ಲೈನಿನ ಪೈಪು, ಕೂಲಿ, ಟೈಲ್ಸ್, ಗಾರೆ, ಹೊಸ ಕಾಯಿಲ್, ಆರ್‌ಸಿಸಿಬಿ ವೈರಿಂಗ್ ಇವುಗಳ ಪೂರ್ತಿ ಖರ್ಚು ಮಾರಿದವರದ್ದು. ಬಣ್ಣದ ಖರ್ಚು ಅರ್ಧರ್ಧ. ಟ್ಯೂಬುಗಳನ್ನು ಕೊಂಡವರೇ ಬದಲಾಯಿಸಿಕೊಂಡರು. ಮಾನಸಿಕ ಹಿಂಸೆಗೆಂದು ಕೇಳಿದ ಮೊತ್ತವನ್ನು ಬಿಟ್ಟುಕೊಟ್ಟರು. ರಾಜಿಯ ಶರತ್ತಿನಲ್ಲಿ ಹಣವನ್ನು ಡಿಮ್ಯಾಂಡ್ ಡ್ರಾಫ್ಟ್ ಮೂಲಕ ಇಂಥ ತಾರೀಖಿನೊಳಗೆ ಕೊಡಬೇಕು ಎಂದು, ತಪ್ಪಿದರೆ ಬಡ್ಡಿ ಎಷ್ಟು ಎಂದು ಸ್ಪಷ್ಟವಾಗಿ ಬರೆಸಿದೆವು. ‘ಶೀಘ್ರದಲ್ಲಿ ಪಾವತಿಸುವುದು’ ಎಂಬ ಪದ ಇದ್ದರೆ ಅದನ್ನು ಹೊಡೆದು ತಾರೀಖು ಹಾಕಿಸಿ. ಲೋಕ ಅದಾಲತ್ತಿನಲ್ಲಿ ದಾಖಲಾದ ರಾಜಿಗೆ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 21ನೇ ಕಲಂ ಪ್ರಕಾರ ಸಿವಿಲ್ ನ್ಯಾಯಾಲಯದ ಡಿಕ್ರಿಯಷ್ಟೇ ಬಲ, ಅದರ ಮೇಲೆ ಮೇಲ್ಮನವಿಯಿಲ್ಲ. ತಾರೀಖು ದಾಟಿಯೂ ಹಣ ಬಾರದಿದ್ದರೆ ಹೊಸ ದಾವೆ ಬೇಕಿಲ್ಲ. ಆ ಅವಾರ್ಡಿನ (ರಾಜಿ ಆದೇಶದ) ದೃಢೀಕೃತ ಪ್ರತಿ ಇಟ್ಟು, ಅದನ್ನು ಜಾರಿ ಮಾಡಿಸಿ ಎಂದು ನೇರ ಅಮಲ್ಜಾರಿ ಅರ್ಜಿ ಹಾಕಬಹುದು, ಆದ್ದರಿಂದ ರಾಜಿಯಾದ ದಿನವೇ ಆ ಪ್ರತಿಗೆ ಅರ್ಜಿ ಕೊಟ್ಟು ಬನ್ನಿ.